ತೇರ್ಸಿನ ಕೊನೆಗೆ ಬರುತ್ತಿದ್ದ ಹೆಸರುಗಳು

ಕಾಪು, ಶಿರ್ವ, ಮೂಡುಬೆಳ್ಳೆ, ಕಲ್ಯಾಣಪುರದ ಕಡೆಯ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮಣಿಗಳ ಜೊತೆಗೇ ಮುಗಿದುಹೋಗುತ್ತಿರಲಿಲ್ಲ. ಐದು ಹತ್ತುಗಳಾಗಿ, ಲದಿನ್ ಎಂಬ ಸ್ತುತಿಮಾಲೆಯೂ ಆಗಿ, ಮೊಣಕಾಲೂರಿ ಸುಸ್ತಾದ ಮಕ್ಕಳು ಇನ್ನೇನು ಎದ್ದೇಬಿಡಬೇಕು ಎನ್ನುವಾಗ ಮನೆಯ ಹಿರಿಯ ಹೆಂಗಸು ಇನ್ನೊಂದು ಸುತ್ತು ಹಿಡಿಯುತ್ತಿದ್ದಳು. ಅದು ತೀರಿಕೊಂಡವರ ಸುತ್ತು. ಅಜ್ಜನಿಗಾಗಿ, ಅಜ್ಜನ ತಾಯಿಗಾಗಿ, ಬೊಂಬಾಯಿಯಲ್ಲಿ ಜ್ವರ ಬಂದು ಹೋದ ಚಿಕ್ಕಪ್ಪನಿಗಾಗಿ, ಹೆರಿಗೆಯಲ್ಲಿ ಹೋದ ಸೊಸೆಗಾಗಿ. ಒಬ್ಬೊಬ್ಬರಿಗೂ ಒಂದೊಂದು ‘ಆಮ್ಚ್ಯಾ ಬಾಪಾ’, ‘ನಮ್ಮ ತಂದೆಯೇ’ ಎಂಬ ಪ್ರಾರ್ಥನೆ. ನಮ್ಮ ಅಜ್ಜಿಯ ಪಟ್ಟಿ ಉದ್ದವಾಗಿತ್ತು. ಅದರ ಕೊನೆಗೆ, ಸ್ವರ ಸ್ವಲ್ಪ ತಗ್ಗಿಸಿ, ಅವಳು ಒಬ್ಬರನ್ನು ಸೇರಿಸುತ್ತಿದ್ದಳು: ‘ಜೆಪ್ಪುವಿನ ಅಕ್ಕನಿಗಾಗಿ’.

ಆ ಅಕ್ಕ ಯಾರು, ಅವಳ ಹೆಸರೇನು, ಜೆಪ್ಪುವಿನಲ್ಲಿ ನಮ್ಮವರ ಮನೆ ಎಲ್ಲಿದೆ ಎಂದು ಮಕ್ಕಳಾದ ನಾವು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಅಜ್ಜಿ ಮಾತು ತಿರುಗಿಸಿ ಗಂಜಿ ಬಡಿಸಲು ಏಳುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಆ ಪಟ್ಟಿಯನ್ನು ಪೂರ್ತಿ ಹೇಳಬಲ್ಲವರು ಯಾರೂ ಉಳಿಯಲಿಲ್ಲ. ಅಮ್ಮನಿಗೆ ಅರ್ಧ ಬರುತ್ತಿತ್ತು. ಈಗ ತೇರ್ಸ್ ನಡೆಯುವ ಮನೆಗಳೇ ಕಡಿಮೆ. ನಡೆದರೂ ಎಷ್ಟೋ ಕಡೆ ಮೇಜಿನ ಮೇಲೆ ಮೊಬೈಲ್ ಒರಗಿಸಿ ಯೂಟ್ಯೂಬಿನಲ್ಲಿ ಹಚ್ಚಿಬಿಡುತ್ತಾರೆ. ಯೂಟ್ಯೂಬಿನ ತೇರ್ಸಿಗೆ ನಮ್ಮ ಮನೆಯ ಸತ್ತವರ ಹೆಸರು ಗೊತ್ತಿಲ್ಲ.

ಜೆಪ್ಪು ಇರುವುದು ಮಂಗಳೂರಿನ ದಕ್ಷಿಣದ ತುದಿಗೆ, ನೇತ್ರಾವತಿಯ ಹತ್ತಿರ. ನಮ್ಮವರಿಗೆ ಮೊದಲು ನೆನಪಾಗುವುದು ಅಲ್ಲಿನ ಸೆಮಿನರಿ. ಮನೆಯ ಹುಡುಗನೊಬ್ಬ ಜೆಪ್ಪುವಿಗೆ ಹೋದನೆಂದರೆ ಪಾದ್ರಿಯಾಗಲು ಹೋದ ಎಂದು ಇಡೀ ವಾಳೆಗೆ, ಅಂದರೆ ಇಗರ್ಜಿಯ ಆ ಕೇರಿಗೆಲ್ಲ, ಹೆಮ್ಮೆ. ಅದೇ ಜೆಪ್ಪುವಿನಲ್ಲಿ ಸಂತ ಅಂತೋಣಿ ಆಶ್ರಮವೂ ಇದೆ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಧರ್ಮಗುರುವಾಗಿದ್ದ ಫ್ರ್ಯಾಂಕ್ ಪಿರೇರಾ 1898ರಲ್ಲಿ ಹುಟ್ಟುಹಾಕಿದ ಧರ್ಮಸಂಸ್ಥೆಯ ಮನೆ ಅದು. ದಿಕ್ಕಿಲ್ಲದ ಮುದುಕ ಮುದುಕಿಯರಿಗೆ, ಅನಾಥ ಮಕ್ಕಳಿಗೆ, ಮನೆಯವರಿಗೆ ಬೇಡವಾದವರಿಗೆ ಅಲ್ಲಿ ಜಾಗವಿತ್ತು, ಇವತ್ತಿಗೂ ಇದೆ. ಮನೆಯವರೊಬ್ಬರು ಆ ಜೆಪ್ಪುವಿಗೆ ಹೋದಾಗ ವಾಳೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಆ ಮನೆಯನ್ನು ಇಷ್ಟು ವರ್ಷ ನಡೆಸಿದ್ದು ಬಹುಪಾಲು ಬಡವರ ಚಿಲ್ಲರೆ ದುಡ್ಡು. ಸಂತ ಅಂತೋಣಿಯ ರೊಟ್ಟಿ ಎಂದು ಕ್ಯಾಥೊಲಿಕ್ ಲೋಕದಲ್ಲೆಲ್ಲ ಒಂದು ಹರಕೆ ಇದೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋಣಿ. ವಸ್ತು ಸಿಕ್ಕಿದರೆ ಬಡವರ ರೊಟ್ಟಿಗೆ ಇಷ್ಟು ಹಾಕುತ್ತೇನೆ ಎಂದು ಹೇಳಿಕೊಳ್ಳುವುದು. ನಮ್ಮ ಅಜ್ಜಿ ಕರು ತಪ್ಪಿಸಿಕೊಂಡರೆ, ಕಿವಿಯ ಓಲೆ ಬಿದ್ದುಹೋದರೆ, ಮಗನ ಕಾಗದ ಬಾರದಿದ್ದರೆ ಅಂತೋಣಿಗೆ ಹೇಳಿಕೊಳ್ಳುತ್ತಿದ್ದಳು. ಮಂಗಳವಾರ ಅವನ ದಿನ, ಜೂನ್ 13 ಅವನ ಹಬ್ಬ. ಇಂಥ ಎಷ್ಟು ಕರುಗಳ, ಎಷ್ಟು ಓಲೆಗಳ ಹರಕೆಯ ದುಡ್ಡಿನಿಂದ ಜೆಪ್ಪುವಿನ ಗಂಜಿ ಬೆಂದಿರಬೇಕು! ಆ ದುಡ್ಡು ಹಾಕಿದವಳಿಗೆ ತನ್ನ ಅತ್ತಿಗೆಯೇ ಆ ಗಂಜಿ ಉಣ್ಣುತ್ತಿದ್ದಳು ಎಂಬುದು ಚೆನ್ನಾಗಿ ಗೊತ್ತಿತ್ತು.

ಹೌದು, ಜೆಪ್ಪುವಿನ ಅಕ್ಕ ನನ್ನ ಅಜ್ಜನ ಅಕ್ಕ. ಇಷ್ಟು ತಿಳಿಯಲು ನಮ್ಮ ಊರಿನ ತೊಂಬತ್ತು ದಾಟಿದ ಒಬ್ಬ ಹೆಂಗಸಿನ ಜಗಲಿಯಲ್ಲಿ ಕುಳಿತುಕೊಳ್ಳಬೇಕಾಯಿತು. ಅವರಿಗೆ ಅಕ್ಕನ ಮುಖ ನೆನಪಿರಲಿಲ್ಲ. ನೆನಪಿದ್ದದ್ದು ಅವಳ ಕೈ. ‘ಅವಳು ಕಟ್ಟಿದ ಮಲ್ಲಿಗೆ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ’ ಎಂದರು. ಶಂಕರಪುರದ ಮಲ್ಲಿಗೆ ಕಟ್ಟುವವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ನೆನೆಸಿದ ಬಾಳೆನಾರನ್ನು ಉಗುರಿನಿಂದ ಎಳೆಎಳೆಯಾಗಿ ಸೀಳಬೇಕು. ಬೆಳಕು ಹರಿಯುವ ಮೊದಲೇ ಕೊಯ್ದ ಮೊಗ್ಗುಗಳನ್ನು ತಲೆ ಆಚೆಗೂ ಈಚೆಗೂ ಬರುವಂತೆ ಜೋಡಿಸಿ ನಾರು ಸುತ್ತಿ ಬಿಗಿಯಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಿಗಿ ಜಾಸ್ತಿಯಾದರೆ ಮೊಗ್ಗಿನ ಕತ್ತು ಮುರಿಯುತ್ತದೆ, ಕಡಿಮೆಯಾದರೆ ಪೇಟೆ ಮುಟ್ಟುವ ಮೊದಲೇ ಉದುರುತ್ತದೆ. ಆ ಹದ ಅಕ್ಕನ ಬೆರಳಲ್ಲಿತ್ತು. ವರದಕ್ಷಿಣೆ ಹೊಂದಿಸಲಾಗದೆ ಅವಳಿಗೆ ಮದುವೆಯಾಗಲಿಲ್ಲ. ತಮ್ಮನ ಮಕ್ಕಳನ್ನು ಎತ್ತಿ ಆಡಿಸಿದಳು, ದನ ನೋಡಿದಳು, ಹೂ ಕಟ್ಟಿದಳು. ಕಣ್ಣು ಮಂಜಾಗಿ ಮೊಗ್ಗು ಕಾಣಿಸದಾದಾಗ ಮನೆಯಲ್ಲಿ ಪಾಲಾಗಿತ್ತು. ಯಾವ ಪಾಲಿನಲ್ಲೂ ಅವಳ ಚಾಪೆಗೆ ಮೂಲೆ ಇರಲಿಲ್ಲ. ಊರಿನ ಪದ್ರಾಬರು ಜೆಪ್ಪುವಿನ ಆಶ್ರಮಕ್ಕೆ ಒಂದು ಚೀಟಿ ಬರೆದುಕೊಟ್ಟರು. ಅದು ಐವತ್ತರ ದಶಕದ ಮಾತು.

ಆಗ ಕಾನೂನು ಅವಳ ಕಡೆಗೇ ಇತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೆ ನಮ್ಮ ಮನೆಗಳಲ್ಲಿ ಮಗಳ ಪಾಲೆಂದರೆ ವರದಕ್ಷಿಣೆ ಎಂದೇ ಲೆಕ್ಕ. ಮದುವೆಯೇ ಆಗದವಳಿಗೆ ಅದೂ ಇಲ್ಲ, ಇದೂ ಇಲ್ಲ. ಕೇಳುವುದು ಅವಳಿಗೂ ಗೊತ್ತಿರಲಿಲ್ಲ, ಕೊಡುವುದು ನಮಗೂ ಗೊತ್ತಿರಲಿಲ್ಲ. ಇದನ್ನು ಬಡತನದ ಮೇಲೆ ಹೊರಿಸಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಅದೇ ಮನೆಯಲ್ಲಿ ಮದುವೆಗೆ ಹಂದಿ ಕಡಿದು ಮುನ್ನಾದಿನದ ರೋಸ್ ಊಟ ಹಾಕುವಷ್ಟು ಅನುಕೂಲವಿತ್ತು.

ಕಾಪುವಿನಿಂದ ಜೆಪ್ಪು ಇವತ್ತು ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಹೊತ್ತು ಹೋಗುವುದು ಗೊತ್ತಾಗದ ದಾರಿ. ಹೊಳೆಗಳಿಗೆ ಸೇತುವೆಯಾಗುವ ಮೊದಲು ಹಾಗಿರಲಿಲ್ಲ. ಮೂಲ್ಕಿಯಲ್ಲಿ ಶಾಂಭವಿ, ಕೂಳೂರಿನಲ್ಲಿ ಫಲ್ಗುಣಿ; ಬಸ್ಸಿಳಿದು ದೋಣಿ ಕಾಯಬೇಕು, ದಾಟಿ ಮತ್ತೆ ಬಸ್ಸು ಹಿಡಿಯಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದೂ ಇಲ್ಲ. ಹೋಗಿ ನೋಡಿ ಬರುವುದು ವರ್ಷಕ್ಕೊಮ್ಮೆ ಎಂದು ಶುರುವಾಗಿ ಆಮೇಲೆ ನಿಂತುಹೋಯಿತಂತೆ. ಅಜ್ಜಿ ಮಾತ್ರ ಪ್ರತಿ ಸಂಜೆ ಹೋಗಿ ಬರುತ್ತಿದ್ದಳು, ಒಂದು ‘ಆಮ್ಚ್ಯಾ ಬಾಪಾ’ದಲ್ಲಿ.

ಇಂಥವರನ್ನು ಹುಡುಕುವುದು ಹೇಗೆ? ನಮ್ಮ ಕ್ರೈಸ್ತರಿಗೆ ಇಗರ್ಜಿಯ ಪುಸ್ತಕಗಳೇ ಆಧಾರ. ಅವಕ್ಕೂ ಒಂದು ಮಿತಿ ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಕ್ಕುರುಳಿದವು. 1799ರ ನಂತರ ಮರಳಿ ಬಂದವರಿಂದ ಮತ್ತೆ ಎಲ್ಲ ಮೊದಲಾಯಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಹುಟ್ಟು 1678ರದು, ಕಾರ್ಕಳದ ಅತ್ತೂರಿನದು 1759ರದು ಎಂದು ಇತಿಹಾಸ ಹೇಳುತ್ತದೆ. ಆದರೆ ಮನೆತನ ಹುಡುಕುವವನ ದಾರಿ ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ನಿಂತುಬಿಡುತ್ತದೆ. ಆಮೇಲಿನ ಪುಸ್ತಕಗಳಲ್ಲೂ ಭಾಷೆ ಒಮ್ಮೆ ಪೋರ್ಚುಗೀಸ್, ಒಮ್ಮೆ ಲ್ಯಾಟಿನ್, ಆಮೇಲೆ ಇಂಗ್ಲಿಷ್. ಮನೆಯಲ್ಲಿ ದುಮಿಂಗ್ ಆಗಿದ್ದವನು ಪುಸ್ತಕದಲ್ಲಿ ಡೊಮಿನಿಕುಸ್, ಜುವಾಂವ್ ಆಗಿದ್ದವನು ಯೊಹಾನ್ನೆಸ್. ಒಂದೇ ಇಗರ್ಜಿಯಲ್ಲಿ ಅದೇ ಹೆಸರು, ಅದೇ ಡಿಸೋಜ, ಅದೇ ಪಿಂಟೊ ಹತ್ತು ಮಂದಿ ಇರುತ್ತಾರೆ. ಅವರನ್ನು ಬಿಡಿಸಿ ಹೇಳುವುದು ಮನೆಯ ಹೆಸರು. ಗುಡ್ಡೆಯ ಮೇಲಿನವರು, ಬಾವಿಬದಿಯವರು, ಹಲಸಿನ ಮರದಡಿಯವರು. ಅದು ಪುಸ್ತಕದಲ್ಲಿರುವುದು ಅಪರೂಪ; ವಾಳೆಯ ಮುಖಂಡನಾದ ಹಳೆಯ ಗುರಿಕಾರನ ಬಾಯಲ್ಲಿರುತ್ತದೆ.

ಹಳೆಯ ಇಗರ್ಜಿಗಳು ಒಡೆದು ಹೊಸ ಇಗರ್ಜಿಗಳಾದಾಗ ಪುಸ್ತಕಗಳು ತಾಯಿ ಇಗರ್ಜಿಯಲ್ಲೇ ಉಳಿದವು. ಕಲ್ಯಾಣಪುರ, ಬ್ರಹ್ಮಾವರದ ಕಡೆಯ ಮನೆತನವಾದರೆ ಇನ್ನೊಂದು ಕವಲು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಗರ್ಜಿಗಳ ಅಧಿಕಾರಕ್ಕಾಗಿ ನಡೆದ ಪೋರ್ಚುಗೀಸ್ ಪದ್ರುವಾದೊ ಮತ್ತು ರೋಮಿನ ಪ್ರೊಪಗಾಂಡದ ಜಗಳದಲ್ಲಿ ಬೇಸತ್ತ ಒಂದು ಗುಂಪು ಗೋವಾದ ಅಲ್ವಾರಿಸ್ ಅವರ ಹಿಂದೆ ಹೋಗಿ ಆರ್ಥೊಡಾಕ್ಸ್ ಸಭೆ ಸೇರಿತು. ಕೊಂಕಣಿ ಮಾತಾಡುವ ಆ ಸಮುದಾಯ ಬ್ರಹ್ಮಾವರದಲ್ಲಿ ಈಗಲೂ ಇದೆ. ಅಣ್ಣ ಒಂದು ಇಗರ್ಜಿಯ ಪುಸ್ತಕದಲ್ಲಿ, ತಮ್ಮ ಇನ್ನೊಂದರಲ್ಲಿ ಎಂದಾದದ್ದುಂಟು. ಆ ಅಲ್ವಾರಿಸ್ ಪಣಜಿಯಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬಡವರಿಗಾಗಿ, ಕುಷ್ಠರೋಗಿಗಳಿಗಾಗಿ ಬೇಡುತ್ತಲೇ. 1923ರಲ್ಲಿ ತೀರಿಕೊಂಡರು.

ಮದುವೆಯಾದವರನ್ನು ಹಿಡಿಯುವುದು ಸುಲಭ. ಇಪ್ಪತ್ತನೆಯ ಶತಮಾನದ ಆರಂಭದಿಂದ, ಯಾರಾದರೂ ಮದುವೆಯಾದರೆ ಅವರ ದೀಕ್ಷಾಸ್ನಾನದ ದಾಖಲೆಯ ಅಂಚಿನಲ್ಲಿ ಅದನ್ನು ಬರೆದಿಡಬೇಕೆಂದು ನಿಯಮ ಬಂತು. ಅಲ್ಲಿಂದ ಗಂಡ, ಗಂಡನ ಊರು, ಮಕ್ಕಳು ಎಂದು ಎಳೆ ಸಾಗುತ್ತದೆ. ಪಾದ್ರಿಯೋ ಸಿಸ್ಟರೋ ಆದರೂ ಅಂಚಿನಲ್ಲಿ ಬರುತ್ತದೆ. ಸಾವು ಮಾತ್ರ, ಎಲ್ಲಿ ಹೂಳಿದರೋ ಅಲ್ಲಿನ ಮರಣ ಪುಸ್ತಕದಲ್ಲಿ. ಹೀಗಾಗಿ ಮದುವೆಯಾಗದೆ, ಊರು ಬಿಟ್ಟು, ಧರ್ಮದ ಮನೆಯೊಂದರಲ್ಲಿ ಸತ್ತ ಹೆಣ್ಣಿನ ಒಂದು ತುದಿ ಹುಟ್ಟೂರಿನ ಪುಸ್ತಕದಲ್ಲಿ, ಇನ್ನೊಂದು ತುದಿ ಮಂಗಳೂರಿನಲ್ಲಿ. ನಡುವಿನ ಅರವತ್ತು ಎಪ್ಪತ್ತು ವರ್ಷ ಯಾವ ಕಾಗದದಲ್ಲೂ ಇಲ್ಲ. ಮಂಗಳೂರು ಕ್ಯಾಥೊಲಿಕರ ಸಾವಿರಾರು ಕುಟುಂಬಗಳ ವಂಶಾವಳಿಯನ್ನು ಒಟ್ಟುಹಾಕಲು ಮೈಕಲ್ ಲೋಬೊ ಅವರು ವರ್ಷಗಟ್ಟಲೆ ದುಡಿದಿದ್ದಾರೆ. ಅಂಥ ದೊಡ್ಡ ಕೆಲಸಕ್ಕೂ ಮನೆಯವರು ಹೇಳಿದ್ದು ಮಾತ್ರ ದಕ್ಕುತ್ತದೆ. ಮನೆಯವರು ಬಾಯಿ ಬಿಡದಿದ್ದವರನ್ನು ಯಾವ ಸಂಶೋಧಕ ತರುತ್ತಾನೆ? ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ 1890ರಲ್ಲಿ ತೆರೆದ ಕುಷ್ಠಾಶ್ರಮಕ್ಕೆ ಹೋದವರ ಹೆಸರುಗಳಂತೂ ಮನೆಗಳಲ್ಲಿ ಇನ್ನೂ ಆಳಕ್ಕೆ ಹೂತುಹೋಗಿವೆ.

ಧರ್ಮದ ಮನೆ ಸೇರಿದವರ ಹೆಸರು ಮಾತ್ರವಲ್ಲ, ಕಟ್ಟಿದವರ ಹೆಸರೂ ಹೀಗೆ ಹೂತುಹೋಗುವುದುಂಟು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪುವರ್’ ನಡೆಸುವ ವೃದ್ಧರ ಮನೆ 1900ರಿಂದ ಇದೆ. ಈ ಸಿಸ್ಟರ್‌ಗಳು ಭಾರತಕ್ಕೆ ಮೊದಲು ಬಂದದ್ದು 1882ರಲ್ಲಿ, ಕಲ್ಕತ್ತಕ್ಕೆ. ನಿಗದಿತ ವರಮಾನವನ್ನು ನೆಚ್ಚಿಕೊಳ್ಳದೆ, ಮಾರುಕಟ್ಟೆಗೆ ಹೋಗಿ ತರಕಾರಿ, ಅಕ್ಕಿ ಬೇಡಿ ತಂದು ಮುದುಕರನ್ನು ಸಾಕುವುದು ಅವರ ರೂಢಿ. ಈ ಸಂಸ್ಥೆಯನ್ನು ಕಟ್ಟಿದವಳು ಫ್ರಾನ್ಸಿನ ಬ್ರಿಟನಿಯ ಮೀನುಗಾರನ ಮಗಳು ಜೀನ್ ಜುಗಾನ್. 1839ರ ಚಳಿಗಾಲದಲ್ಲಿ ಕಣ್ಣಿಲ್ಲದ ವಿಧವೆಯೊಬ್ಬಳನ್ನು ಮನೆಗೆ ತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು, ತಾನು ಅಟ್ಟದ ಮೇಲೆ ಮಲಗಿದಳು. ಸಂಸ್ಥೆ ಬೆಳೆಯಿತು. ಆದರೆ ಅದರ ಪಾದ್ರಿ ತಾನೇ ಸ್ಥಾಪಕನೆಂದು ಹೇಳಿಕೊಂಡು ಅವಳನ್ನು ಮೂಲೆಗೆ ತಳ್ಳಿದ. ಕೊನೆಯ ಇಪ್ಪತ್ತೇಳು ವರ್ಷ ಅವಳು ತನ್ನದೇ ಮಠದಲ್ಲಿ ಸಾಮಾನ್ಯ ಮುದುಕಿಯಾಗಿ ಬದುಕಿದಳು. ಪಕ್ಕದಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದ ಹುಡುಗಿಯರಿಗೇ ಇವಳು ಯಾರೆಂದು ತಿಳಿದಿರಲಿಲ್ಲ. 1879ರಲ್ಲಿ ತೀರಿಕೊಂಡಳು. ಸತ್ಯ ಹೊರಬಂದದ್ದು ಆಮೇಲೆ. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವಳನ್ನು ಸಂತಳೆಂದು ಸಾರಿದರು. ವೃದ್ಧರ ಮನೆ ಕಟ್ಟಿದವಳ ಹೆಸರನ್ನೇ ಅಳಿಸಿಹಾಕಲು ನೋಡಿದರು, ಕೈಗೂಡಲಿಲ್ಲ. ಅವಳ ಬೆನ್ನಿಗೆ ಒಂದು ಸಂಸ್ಥೆಯಿತ್ತು, ಕಾಗದಗಳಿದ್ದವು, ಕೇಳುವವರಿದ್ದರು. ಜೆಪ್ಪುವಿನ ಅಕ್ಕನಿಗೆ ಇದ್ದದ್ದು ಅಜ್ಜಿಯ ಬಾಯಿ ಒಂದೇ.

ನಮ್ಮ ನೆರೆಯ ತುಳುವರನ್ನು ಕಂಡರೆ ಈ ವಿಷಯದಲ್ಲಿ ನನಗೆ ಗೌರವ ಹೆಚ್ಚು. ಆಟಿ ತಿಂಗಳಲ್ಲಿ, ದೀಪಾವಳಿಯಲ್ಲಿ ಅವರು ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಸತ್ತ ಮಗನಿಗೋ ಮಗಳಿಗೋ ಎಷ್ಟೋ ವರ್ಷಗಳ ಮೇಲೆ ಸರಿಯಾದ ಸಂಬಂಧ ಹುಡುಕಿ ಕುಲೆ ಮದುವೆ ಮಾಡುತ್ತಾರೆ. ಮದುವೆಯಾಗಲಿಲ್ಲವೆಂಬ ಕಾರಣಕ್ಕೆ ಸತ್ತವರು ಮನೆತನದ ಲೆಕ್ಕದಿಂದ ಬಿಟ್ಟುಹೋಗಬಾರದು ಎಂಬ ಕಾಳಜಿ ಅದರ ಹಿಂದಿದೆ. ನಮ್ಮಲ್ಲಿ ಆ ಕೆಲಸವನ್ನು ತೇರ್ಸಿನ ಕೊನೆಯ ಸುತ್ತು ಮಾಡುತ್ತಿತ್ತು. ಅದು ಬಿಟ್ಟರೆ ನವೆಂಬರ್ 2ರ ಆತ್ಮಗಳ ದಿನ ಸಮಾಧಿಗೆ ಮೊಂಬತ್ತಿ ಹಚ್ಚುವುದು. ಆದರೆ ಮೊಂಬತ್ತಿ ಹಚ್ಚಲು ಸಮಾಧಿ ಬೇಕು. ನಮ್ಮ ಇಗರ್ಜಿಗಳ ಮಣ್ಣಿನಲ್ಲಿ ಜಾಗ ಕಡಿಮೆ. ದುಡ್ಡು ಕೊಟ್ಟು ಕಲ್ಲು ಕಟ್ಟಿಸದವರ ಗುಂಡಿಯನ್ನು ಕೆಲವು ವರ್ಷಗಳ ಮೇಲೆ ಇನ್ನೊಬ್ಬರಿಗೆ ತೆರೆಯುತ್ತಾರೆ. ಬಡವರಿಗೆ ಹೆಸರು ಕೆತ್ತಿದ ಕಲ್ಲು ಇರುವುದಿಲ್ಲ.

ಅಜ್ಜಿಯ ತವರು ಕಾರ್ಕಳದ ಕಡೆ. ಜನವರಿ ಕೊನೆಯ ಅತ್ತೂರು ಸಾಂತ್‌ಮಾರಿಗೆ ಅವಳ ಜೊತೆ ಹೋಗುವುದೆಂದರೆ ನಮಗೆ ಖರ್ಜೂರ, ಕಡಲೆ, ಬಳೆ ಅಂಗಡಿ. ಜಾತಿಮತ ನೋಡದೆ ಸೇರುವ ಜಾತ್ರೆ ಅದು. 2016ರಲ್ಲಿ ಬಾಸಿಲಿಕಾ ಆದ ಮೇಲೆ ಜನ ಇನ್ನೂ ಹೆಚ್ಚಿದ್ದಾರೆ. ನಾವು ಮಕ್ಕಳಾಗಿದ್ದಾಗ ದಾರಿಯ ಬದಿಗೆ ಭಿಕ್ಷುಕರು ಸಾಲಾಗಿ ಕೂರುತ್ತಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಹಾಕುತ್ತ ಹೋಗುವಳು. ಬೇರೆಯವರು ಎಸೆದು ಮುಂದೆ ನಡೆದರೆ ಅವಳು ಬಗ್ಗಿ, ಮುದುಕಿಯರ ಮುಖವನ್ನು ಒಂದೊಂದಾಗಿ ನೋಡಿ, ಅಂಗೈಗೇ ಇಡುತ್ತಿದ್ದಳು. ಎಷ್ಟು ಹೊತ್ತು ಎಂದು ನಾವು ಅವಳ ಕೈ ಜಗ್ಗುತ್ತಿದ್ದೆವು.

ಅಕ್ಕ ಜೆಪ್ಪುವಿಗೆ ಹೋದ ದಶಕದಲ್ಲೇ, 1953ರಲ್ಲಿ, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ಸುತ್ತ ಬೋಳುಗುಡ್ಡ. ಈಗ ಅದೇ ಗುಡ್ಡದ ಆಸ್ಪತ್ರೆಗೆ ನಮ್ಮ ಹಳ್ಳಿಗಳ ಮುದುಕಿಯರು ಆಟೊದಲ್ಲಿ ಒಬ್ಬರೇ ಬರುತ್ತಾರೆ. ಮಗ ಕುವೈತಿನಲ್ಲಿ, ಮಗಳು ಕೆನಡದಲ್ಲಿ. ಫೈಲು ಹಿಡಿದುಕೊಳ್ಳಲು ಪಕ್ಕದ ಮನೆಯವಳು, ಇಲ್ಲವೇ ಸಂಬಳದ ಹುಡುಗಿ. ಶಿರ್ವದಲ್ಲೋ ಸಂತೆಕಟ್ಟೆಯಲ್ಲೋ ಮಕ್ಕಳು ಕಟ್ಟಿಸಿದ ದೊಡ್ಡ ಮನೆಗೆ ಎರಡು ಬೀಗ, ನಾಲ್ಕು ಕ್ಯಾಮೆರಾ. ವೃದ್ಧರ ಮನೆಗೆ ಸೇರುವುದು ಈಗ ಅವಮಾನವಲ್ಲ. ತಿಂಗಳಿಗಿಷ್ಟು ಎಂದು ಕೊಟ್ಟು ಸೇರುವ ಮನೆಗಳಿವೆ, ಎಷ್ಟೋ ಮಂದಿ ತಾವಾಗಿ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದುಡ್ಡಿಲ್ಲದ ಅಕ್ಕಂದಿರು ಈಗಲೂ ಇದ್ದಾರೆ, ಧರ್ಮದ ಮನೆಗಳಲ್ಲಿ ಈಗಲೂ ಹಾಸಿಗೆ ಸಾಲದು. ಅವರನ್ನು ಸಂಜೆಯ ಪ್ರಾರ್ಥನೆಯಲ್ಲಿ ನೆನೆಯುವ ನಾದಿನಿಯರು ಮಾತ್ರ ಇಲ್ಲವಾಗುತ್ತಿದ್ದಾರೆ.

ಕೊನೆಗೆ ಮಂಗಳೂರಿನ ಒಂದು ಹಳೆಯ ಮರಣ ಪುಸ್ತಕದಲ್ಲಿ ಅಕ್ಕ ಸಿಕ್ಕಿದಳು. ಒಬ್ಬ ವಯಸ್ಸಾದ ಧರ್ಮಗುರು ತಾವೇ ಹಾಳೆ ತಿರುಗಿಸಿ ಹುಡುಕಿಕೊಟ್ಟರು. ಶಾಯಿ ಕಂದಾಗಿ, ಹಾಳೆಯ ಅಂಚು ಗೆದ್ದಲು ತಿಂದು ಹೋಗಿತ್ತು. ಹೆಸರು, ತಂದೆಯ ಹೆಸರು, ಊರು, ಸುಮಾರು ಎಪ್ಪತ್ತು ವಯಸ್ಸು, ಕೊನೆಯ ಸಂಸ್ಕಾರಗಳನ್ನು ಪಡೆದಳು, ಹೂಳಿದ ದಿನ, ಪಾದ್ರಿಯ ಸಹಿ. ಒಂದೇ ಸಾಲು. ಅವಳು ಒಬ್ಬಳೇ ಸಾಯಲಿಲ್ಲ ಎಂಬುದು ಆ ಸಾಲಿನಿಂದ ನನಗೆ ತಿಳಿಯಿತು. ಹಣೆಗೆ ಎಣ್ಣೆ ಹಚ್ಚಲು ಒಬ್ಬ ಪಾದ್ರಿ ಬಂದಿದ್ದರು. ಬಾಯಿಗೆ ನೀರು ಬಿಡಲು ಯಾರೋ ಸಿಸ್ಟರ್ ಇದ್ದಿರಲೇಬೇಕು. ರಕ್ತ ಸಂಬಂಧವಿಲ್ಲದವರು ನಮ್ಮ ಕೆಲಸ ಮಾಡಿದ್ದರು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯ ಪ್ರಾರ್ಥನೆಗೆ ಸೇರಿದ್ದು. ಈಗ ಅಲ್ಲಿ ಅದು ಪೂರ್ತಿ ಹೆಸರಾಗಿ ಬರುತ್ತದೆ.

2012ರಲ್ಲಿ ಉಡುಪಿ ಮಂಗಳೂರಿನಿಂದ ಒಡೆದು ಬೇರೆ ಧರ್ಮಪ್ರಾಂತ್ಯವಾಯಿತು. ಅದಕ್ಕೂ ಮೊದಲು, 1997ರಲ್ಲಿ, ಬೇರೆ ಜಿಲ್ಲೆಯಾಗಿತ್ತು. ಹಳೆಯ ಕಾಗದಗಳು ಎರಡೂ ಕಡೆ ಹಂಚಿಹೋಗಿವೆ. ಕರಾವಳಿಯ ಮಳೆಗೆ, ಗೆದ್ದಲಿಗೆ ಯಾವ ಗಡಿಯೂ ಇಲ್ಲ. ಪ್ರತಿ ಇಗರ್ಜಿಯ ಮರಣ ಪುಸ್ತಕದ ಫೋಟೊ ತೆಗೆದು ಇಟ್ಟುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ; ಪಾಲನಾ ಮಂಡಳಿಗಳು ಮನಸ್ಸು ಮಾಡಿದರೆ ಊರಿನ ಕಾಲೇಜು ಹುಡುಗರೇ ಒಂದು ರಜೆಯಲ್ಲಿ ಮುಗಿಸಿಯಾರು. ಮದುವೆ, ದೀಕ್ಷಾಸ್ನಾನದ ಪುಸ್ತಕಗಳನ್ನು ಕೇಳಿಕೊಂಡು ಜನ ಬಂದೇ ಬರುತ್ತಾರೆ, ಪಾಸ್‌ಪೋರ್ಟಿಗೆ, ವೀಸಾಕ್ಕೆ. ಮರಣ ಪುಸ್ತಕ ಕೇಳುವವರು ಕಡಿಮೆ, ಆದ್ದರಿಂದ ಮೊದಲು ಅದನ್ನೇ ಉಳಿಸಿ.

ಮನೆಯವರಿಗೆ ನನ್ನದು ಇನ್ನೂ ಸಣ್ಣ ಬೇಡಿಕೆ. ನಿಮ್ಮ ಕುಟುಂಬದ ಅತಿ ಹಿರಿಯ ಹೆಂಗಸು ಬದುಕಿದ್ದರೆ ಈ ಭಾನುವಾರವೇ ಹೋಗಿ ಹತ್ತಿರ ಕುಳಿತು, ತೇರ್ಸಿನ ಕೊನೆಗೆ ಯಾರ ಯಾರ ಹೆಸರು ಹೇಳುತ್ತಿದ್ದರು ಎಂದು ಕೇಳಿ. ಅವರು ದನಿ ತಗ್ಗಿಸುವ ಹೆಸರನ್ನು ಎರಡು ಸಲ ಕೇಳಿ. ಹೆಸರು, ಮನೆಯ ಹೆಸರು, ಹುಟ್ಟಿದ ಊರು, ತೀರಿಕೊಂಡ ಜಾಗ, ಇಷ್ಟನ್ನು ಮನೆಯ ಬೈಬಲಿನ ಮೊದಲ ಪುಟದಲ್ಲಿ ಬರೆದಿಡಿ. ಅವರಲ್ಲಿ ಯಾರಾದರೂ ಧರ್ಮದ ಮ‌ನೆಯಲ್ಲಿ ತೀರಿಕೊಂಡಿದ್ದರೆ ಆ ಮನೆಗೆ ಒಮ್ಮೆ ಹೋಗಿ, ಒಂದು ದಿನದ ಊಟ ಅವರ ಹೆಸರಿನಲ್ಲಿ ಹಾಕಿಸಿ ಬನ್ನಿ.